ಮರಿ ಹುಟ್ಟಿದ ಮೇಲೆ ಎರಡು ದಿನ

ಕಾಡಿನಲ್ಲಿ ಆನೆ ಮರಿ ಹಾಕಿದರೆ ಇಡೀ ಹಿಂಡು ತಾಯಿಯ ಜೊತೆಯಲ್ಲಿ ಎರಡು ದಿನ ನಿಲ್ಲುತ್ತದೆ. ಅಷ್ಟರೊಳಗೆ ಮರಿಗೆ ದಾರಿ ನಡೆಯುವ ಶಕ್ತಿ ಬಂದಿರುತ್ತದೆ, ಅನಂತರ ಹಿಂಡು ಮುಂದಕ್ಕೆ ಹೊರಡುತ್ತದೆ. ಈ ಸಂಗತಿಯನ್ನು ಬರೆದಿಟ್ಟವನು ಜಿ. ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷರವನು. ಮೈಸೂರು ಸೀಮೆಯಲ್ಲಿ ಕಾಲುವೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು, ಚಾಮರಾಜನಗರದ ಬಳಿ ಬಂಗಲೆ ಕಟ್ಟಿಕೊಂಡು ನಿಂತು, ಕೊನೆಗೆ ಆನೆ ಹಿಡಿಯುವುದನ್ನೇ ಕಸುಬು ಮಾಡಿಕೊಂಡ. ಭಾರತದ ಕಾಡುಮೃಗಗಳ ನಡುವೆ ತಾನು ಕಳೆದ ಹದಿಮೂರು ವರ್ಷಗಳನ್ನು ಕುರಿತು ಅವನು ಬರೆದ ಪುಸ್ತಕ 1878ರಲ್ಲಿ ಅಚ್ಚಾಯಿತು. ಆನೆಯನ್ನು ಕುರಿತು ಮೈಸೂರಿನ ಕಾಡಿನಿಂದ ಹೊರಟ ಗ್ರಂಥಗಳಲ್ಲಿ ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಎರಡು ದಿನ ನಿಲ್ಲುವುದೆಂದರೆ ಆನೆಗೆ ಸಣ್ಣ ಮಾತಲ್ಲ. ಬೆಳೆದ ಆನೆಗೆ ದಿನವೊಂದಕ್ಕೆ ಸುಮಾರು 150 ಕಿಲೋಗ್ರಾಂ ಮೇವು ಬೇಕು. ಅದರ ಬಾಳೆಲ್ಲ ನಡಿಗೆ. ನಡೆದರೆ ಹೊಟ್ಟೆ ತುಂಬೀತು, ನಿಂತರೆ ಅರೆಹೊಟ್ಟೆ. ಹೀಗಿರುವಾಗ ಒಂದು ಮರಿಗೋಸ್ಕರ ಎಂಟು ಹತ್ತು ಆನೆಗಳು ಒಂದೇ ಕಡೆ ನಿಂತುಕೊಳ್ಳುತ್ತವೆ ಎಂದರೆ, ಆ ಮರಿ ಯಾರದು ಎಂಬ ಪ್ರಶ್ನೆ ಏಳುತ್ತದೆ. ಹೆತ್ತ ತಾಯಿಯದೋ, ಅಥವಾ ಹಿಂಡಿನದೋ? ಪ್ರಶ್ನೆ ಸುಲಭವೆಂದು ತೋರಬಹುದು. ಆದರೆ ಇದರ ಮೇಲೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ವಾದ ನಡೆದಿದೆ. ಆ ವಾದದ ಒಂದು ಮುಖ್ಯ ಘಟ್ಟ ನಮ್ಮ ಚಾಮರಾಜನಗರದ, ಕಾಕನಕೋಟೆಯ ಕಾಡುಗಳಿಗೆ ಸೇರಿದ್ದು. ಅದನ್ನು ವಾಚಕರ ಮುಂದೆ ಇಡುವುದು ನನ್ನ ಉದ್ದೇಶ.

ಮೊದಲು ಮರಿಯ ಸ್ಥಿತಿಗತಿ. ಸುಮಾರು ಇಪ್ಪತ್ತರಿಂದ ಇಪ್ಪತ್ತೆರಡು ತಿಂಗಳು ತಾಯಿಯ ಹೊಟ್ಟೆಯಲ್ಲಿದ್ದು ಅದು ಹೊರಗೆ ಬರುತ್ತದೆ. ಹುಟ್ಟಿದ ಮರಿಗಳನ್ನು ಅಳೆದು ತೂಗಿ ನೋಡಿದ ಸ್ಯಾಂಡರ್ಸನ್, ಭುಜದ ಎತ್ತರ 36 ಅಂಗುಲ, ಎರಡನೆಯ ದಿನದ ತೂಕ ಸರಾಸರಿ 200 ಪೌಂಡು, ಸೊಂಡಿಲಿನ ಉದ್ದ 10 ಅಂಗುಲ ಎಂದು ಲೆಕ್ಕ ಕೊಟ್ಟಿದ್ದಾನೆ. ಕಿಲೋಗ್ರಾಂ ಲೆಕ್ಕದಲ್ಲಿ ಅದು ತೊಂಬತ್ತರ ಆಸುಪಾಸು. ಇಷ್ಟು ದೊಡ್ಡ ಶಿಶುವಾದರೂ ಅದು ಅಸಹಾಯ ಪ್ರಾಣಿಯೇ. ಸೊಂಡಿಲು ಹೇಳಿದ ಮಾತು ಕೇಳುವುದಿಲ್ಲ. ಅದನ್ನು ತಾನೇ ತುಳಿದುಕೊಂಡು ಮುಗ್ಗರಿಸುವುದೂ ಉಂಟು. ನೀರು ಹೀರುವುದಕ್ಕಾಗಲಿ ಹುಲ್ಲು ಕೀಳುವುದಕ್ಕಾಗಲಿ ಬಾರದ ಆ ಸೊಂಡಿಲನ್ನು ಪಕ್ಕಕ್ಕೆ ಮಡಿಚಿ, ತಾಯಿಯ ಮುಂಗಾಲುಗಳ ನಡುವಣ ಮೊಲೆಗೆ ಬಾಯಿ ಹಚ್ಚಿ ಅದು ಹಾಲು ಕುಡಿಯುತ್ತದೆ. ಮೊದಲ ಕೆಲವು ತಿಂಗಳು ಹಾಲೇ ಆಹಾರ. ಮೇವು ಜೀರ್ಣಿಸಲು ಬೇಕಾದ ಸೂಕ್ಷ್ಮಜೀವಿಗಳು ಕೂಡ ಮರಿಯ ಹೊಟ್ಟೆಯಲ್ಲಿ ಹುಟ್ಟಿನಿಂದ ಇರುವುದಿಲ್ಲ. ದೊಡ್ಡವರ ಲದ್ದಿಯನ್ನು ಬಾಯಿಗೆ ಹಾಕಿಕೊಂಡು ಅದು ಅವನ್ನು ಸಂಪಾದಿಸಬೇಕು. ಹಿಂಡಿನಿಂದ ದೂರವಾದ ಮರಿಗೆ ಹಾಲೂ ಇಲ್ಲ, ನೆರಳೂ ಇಲ್ಲ, ಹುಲಿಯಿಂದ ರಕ್ಷಣೆಯೂ ಇಲ್ಲ.

ಮರಿ ಬಾಯಿಯಿಂದಲೇ ಹಾಲು ಕುಡಿಯುತ್ತದೆ, ಸೊಂಡಿಲಿನಿಂದಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಗ್ರೀಸಿನ ಅರಿಸ್ಟಾಟಲ್ ಒಬ್ಬ. ಹುಟ್ಟಿದ ಮರಿಗೆ ಕಣ್ಣು ಕಾಣುತ್ತದೆ, ಕಾಲು ನಡೆಯುತ್ತದೆ ಎಂದೂ ಅವನು ಬರೆದ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಪಾಟಲೀಪುತ್ರಕ್ಕೆ ಬಂದಿದ್ದ ಮೆಗಸ್ತನೀಸನ ಬರಹದ ಮೂಲ ನಮಗೆ ಉಳಿದಿಲ್ಲ. ಆದರೆ ಏರಿಯನ್ ಮೊದಲಾದವರು ಅದರಿಂದ ಎತ್ತಿಕೊಂಡ ಭಾಗಗಳು ಉಳಿದಿವೆ. ಆನೆಯ ಗರ್ಭ ಹದಿನಾರರಿಂದ ಹದಿನೆಂಟು ತಿಂಗಳೆಂದು ಅದರಲ್ಲಿದೆ. ಸ್ವಲ್ಪ ಕಡಿಮೆಯಾಯಿತು, ಆದರೂ ಬಹಳ ದೂರ ಹೋಗಿಲ್ಲ. ಕಂದಕ ತೋಡಿ, ಒಳಗೆ ಸಾಕಿದ ಹೆಣ್ಣಾನೆಗಳನ್ನು ನಿಲ್ಲಿಸಿ, ಕಾಡಾನೆಗಳನ್ನು ಬರಮಾಡಿಕೊಂಡು ಹಿಡಿಯುವ ಕ್ರಮವನ್ನೂ ಅಲ್ಲಿ ವಿವರಿಸಿದೆ. ಅದರಲ್ಲಿ ಒಂದು ಚಿಕ್ಕ ಮಾತು ಬರುತ್ತದೆ, ಓದುವಾಗ ಕಣ್ಣು ತಪ್ಪಿಸಿಕೊಂಡು ಹೋಗುವಷ್ಟು ಚಿಕ್ಕದು: ಹಿಡಿದ ಆನೆಗಳಲ್ಲಿ ತೀರ ಎಳೆಯವನ್ನೂ ರೋಗದವನ್ನೂ ಬಿಟ್ಟುಬಿಡುತ್ತಾರೆ, ಅವು ಮತ್ತೆ ತಮ್ಮ ಕಾಡಿಗೆ ಹೋಗುತ್ತವೆ.

ರೋಮಿನ ಪ್ಲಿನಿ ಆನೆಗಳನ್ನು ಕುರಿತು ಎಷ್ಟೋ ಕಟ್ಟುಕಥೆಗಳನ್ನು ಸೇರಿಸಿದ್ದಾನೆ. ಅವುಗಳ ನಡುವೆ ನಿಜಕ್ಕೆ ಹತ್ತಿರವಾದ ಒಂದೆರಡು ಮಾತುಗಳೂ ಇವೆ. ಆನೆಗಳು ಗುಂಪಾಗಿಯೇ ನಡೆಯುತ್ತವೆ, ಎಲ್ಲಕ್ಕೂ ಹಿರಿಯದು ಮುಂದೆ, ಅದರ ನಂತರದ ಹಿರಿಯದು ಹಿಂದೆ ಎಂದು ಅವನ ಮಾತು. ಹೊಳೆ ದಾಟುವಾಗ ಚಿಕ್ಕವನ್ನು ಮೊದಲು ಇಳಿಸುತ್ತವೆ, ದೊಡ್ಡವು ಮೊದಲು ತುಳಿದರೆ ತಳ ಕುಸಿದು ಮಡುವಾದೀತೆಂದು ಹಾಗೆ ಮಾಡುತ್ತವೆ ಎಂಬುದು ಇನ್ನೊಂದು. ಆನೆಗಳಿಗೆ ಅಷ್ಟು ಇಂಜಿನಿಯರಿಂಗ್ ಗೊತ್ತೆಂದು ನಾನು ವಾದಿಸಲಾರೆ. ಆದರೆ ಮುಂದೊಂದು, ಹಿಂದೊಂದು, ನಡುವೆ ಮರಿಗಳು ಎಂಬ ಚಿತ್ರವನ್ನು ನೋಡಿದವರೇ ಯಾರೋ ಅವನಿಗೆ ಹೇಳಿರಬೇಕು.

ನಮ್ಮವರು ಏನು ಹೇಳಿದರು? ಗಜಶಾಸ್ತ್ರದ ಆದಿಪುರುಷನೆಂದು ಪ್ರಸಿದ್ಧನಾದ ಪಾಲಕಾಪ್ಯ ಮುನಿಯ ಕಥೆ ಇಲ್ಲಿ ನೆನಪಾಗುತ್ತದೆ. ಅವನು ಹೆಣ್ಣಾನೆಯ ಹೊಟ್ಟೆಯಲ್ಲಿ ಹುಟ್ಟಿದವನಂತೆ. ಆನೆಗಳ ನಡುವೆಯೇ ಬೆಳೆದು, ಅವುಗಳ ಜೊತೆಯಲ್ಲಿ ಕಾಡು ಸುತ್ತಿ, ಅವು ತಿಂದದ್ದನ್ನು ತಿಂದು, ಅವುಗಳ ನೋವನ್ನು ಬಲ್ಲವನು. ಅಂಗ ದೇಶದ ರೋಮಪಾದ ರಾಜನ ಆಳುಗಳು ಒಂದು ದಿನ ಆ ಹಿಂಡನ್ನು ಹಿಡಿದು ಚಂಪಾ ನಗರಕ್ಕೆ ಒಯ್ದರು. ಆಶ್ರಮದಿಂದ ಹಿಂತಿರುಗಿ ಬಂದ ಪಾಲಕಾಪ್ಯನು ಹಿಂಡನ್ನು ಹುಡುಕುತ್ತ ನಗರಕ್ಕೆ ಹೋದ. ಕಟ್ಟಿಹಾಕಿದ ಆನೆಗಳ ನಡುವೆ ಕುಳಿತು ಅವುಗಳ ಗಾಯಕ್ಕೆ ಮದ್ದು ಹಚ್ಚಿದ. ಯಾರು ಮಾತನಾಡಿಸಿದರೂ ಉತ್ತರ ಕೊಡಲಿಲ್ಲ. ಗಜಶಾಸ್ತ್ರವು ರಾಜನಿಗೆ ದೊರೆತದ್ದು ಆಮೇಲೆ. ಇದನ್ನು ಪುರಾಣವೆಂದು ಪಕ್ಕಕ್ಕಿಡಬಹುದು. ಆದರೂ ಈ ದೇಶದ ಆನೆಯ ವಿದ್ಯೆಯೆಲ್ಲ ಸೆರೆಸಿಕ್ಕ ಹಿಂಡನ್ನು ಹಿಂಬಾಲಿಸಿ ಬಂದ ಒಂದು ಮಗುವಿನಿಂದ ಆರಂಭವಾಯಿತು ಎಂಬ ಕಲ್ಪನೆಯನ್ನು ಮಾಡಿದವರು ಆನೆಯ ಹಿಂಡನ್ನು ಹತ್ತಿರದಿಂದ ಬಲ್ಲವರೇ ಆಗಿರಬೇಕು.

ಕೌಟಿಲ್ಯನದು ಭಾವುಕತೆಯ ಮಾತಲ್ಲ. ಅರ್ಥಶಾಸ್ತ್ರದಲ್ಲಿ ಆನೆ ಎಂದರೆ ರಾಜ್ಯದ ಸೊತ್ತು, ಯುದ್ಧದ ಸಾಧನ. ಆನೆಗಳಿಗೆಂದು ಬೇರೆ ಕಾಡನ್ನೇ ಕಾದಿರಿಸಬೇಕು, ಅಲ್ಲಿ ಆನೆಯನ್ನು ಕೊಂದವನಿಗೆ ಮರಣದಂಡನೆ ಎಂದು ಅದರಲ್ಲಿ ವಿಧಿಸಿದೆ. ಹಿಡಿಯುವುದಕ್ಕೆ ಬೇಸಿಗೆ ಕಾಲ, ಇಪ್ಪತ್ತು ವರ್ಷದ ಆನೆ ಯೋಗ್ಯ. ಹಿಡಿಯಬಾರದ ಆನೆಗಳ ಪಟ್ಟಿಯೂ ಅಲ್ಲಿದೆ: ಮೊಲೆ ಕುಡಿಯುವ ಮರಿ, ದಂತವಿಲ್ಲದ್ದು, ರೋಗಿಷ್ಠ, ಗರ್ಭಿಣಿ, ಹಾಲೂಡುವ ತಾಯಿ. ಮೆಗಸ್ತನೀಸನ ಆ ಚಿಕ್ಕ ಮಾತಿಗೂ ಈ ಪಟ್ಟಿಗೂ ಇರುವ ಹೊಂದಾಣಿಕೆ ಗಮನಾರ್ಹವಾದದ್ದು. ದಯೆಯಿಂದಲೋ ಲೆಕ್ಕಾಚಾರದಿಂದಲೋ, ತಾಯಿ ಮತ್ತು ಮರಿ ಇವೆರಡರ ತಂಟೆಗೆ ಹೋಗಬಾರದೆಂಬ ನಿಯಮವನ್ನು ಕನಿಷ್ಠಪಕ್ಷ ಗ್ರಂಥದಲ್ಲಾದರೂ ಈ ದೇಶ ಒಪ್ಪಿಕೊಂಡಿತ್ತು. ಈ ಅರ್ಥಶಾಸ್ತ್ರದ ಓಲೆಪ್ರತಿ ಶತಮಾನಗಳ ಕಾಲ ಮರೆಯಾಗಿದ್ದು, ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತೆಂಬುದನ್ನು ಕನ್ನಡಿಗರಿಗೆ ನೆನಪು ಮಾಡಬೇಕಾಗಿಲ್ಲ. ಆನೆಯ ಲಾಂಛನದ ಗಂಗರ ನಾಡಿದು; ಅವರ ಶಿವಮಾರನು ಗಜಾಷ್ಟಕವನ್ನು ಬರೆದನೆಂದು ಪ್ರತೀತಿ. ಆನೆಯ ಮಾತು ಇಲ್ಲಿಗೆ ಹೊಸದಲ್ಲ.

ಇನ್ನು ಖೆಡ್ಡಾಕ್ಕೆ ಬರೋಣ. ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಹೈದರಾಲಿ ಪ್ರಯತ್ನಿಸಿ ಸೋತನೆಂದು ಸ್ಯಾಂಡರ್ಸನ್ ಬರೆದಿದ್ದಾನೆ. ನೂರು ವರ್ಷಗಳ ಅನಂತರ ಆ ಕೆಲಸವನ್ನು ಕೈಗೆತ್ತಿಕೊಂಡವನು ಸ್ಯಾಂಡರ್ಸನ್. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1873ರಲ್ಲಿ ಅವನ ಯೋಜನೆಗೆ ಒಪ್ಪಿಗೆ ದೊರೆಯಿತು. 1874ರ ಬೇಸಿಗೆ ಮುಗಿಯುವ ಹೊತ್ತಿಗೆ ಚಾಮರಾಜನಗರದ ಬಳಿ ಒಂದು ದೊಡ್ಡ ಹಿಂಡು ಅವನ ಕೈಗೆ ಸಿಕ್ಕಿತು. ಕ್ರಮ ಹೀಗೆ: ಹಿಂಡು ಇರುವ ಕಾಡನ್ನು ನೂರಾರು ಜನ ಸುತ್ತುವರಿಯುವುದು, ರಾತ್ರಿಯೆಲ್ಲ ಬೆಂಕಿ ಹಾಕಿ, ತಮಟೆ ಬಡಿದು, ಹಿಂಡು ಹೊರಗೆ ಹೋಗದಂತೆ ಕಾಯುವುದು, ಬಲವಾದ ಮರದ ದಿಮ್ಮಿಗಳ ಆವರಣವೊಂದನ್ನು ಕಟ್ಟಿ ಹಿಂಡನ್ನು ಅದರೊಳಕ್ಕೆ ಅಟ್ಟುವುದು, ಬಾಗಿಲು ಬೀಳಿಸುವುದು. ಆಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ ಒಂದೊಂದನ್ನೇ ಹಗ್ಗದಿಂದ ಬಿಗಿಯುತ್ತಾರೆ. ಮುಂದೆ ಕಾಕನಕೋಟೆಯಲ್ಲಿ ಕಬಿನಿ ಹೊಳೆಗೇ ಹಿಂಡನ್ನು ಇಳಿಸಿ ಅಟ್ಟುವ ಪದ್ಧತಿ ಬೆಳೆಯಿತು. ಅದನ್ನು ನೋಡಲು ರಾಜಕುಮಾರರೂ ವೈಸರಾಯರೂ ಬರುತ್ತಿದ್ದರು. ಸಮೀಪದ ಕಾರಾಪುರದಲ್ಲಿ ಹುಟ್ಟಿದ ಮಾವುತರ ಹುಡುಗ ಸಾಬು 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ಪ್ರಸಿದ್ಧನಾದದ್ದು ಹಲವರಿಗೆ ಗೊತ್ತಿದೆ.

ಖೆಡ್ಡಾದ ಗುಟ್ಟು ದಿಮ್ಮಿಯಲ್ಲಿ ಇಲ್ಲ, ಬೆಂಕಿಯಲ್ಲಿ ಇಲ್ಲ; ಆನೆಗಳ ಸ್ವಭಾವದಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಜಿಂಕೆಯ ಹಿಂಡನ್ನು ಹೆದರಿಸಿದರೆ ದಿಕ್ಕಿಗೊಂದರಂತೆ ಚೆದರುತ್ತದೆ. ಆನೆಯ ಹಿಂಡು ಹೆದರಿದರೆ ಒತ್ತೊತ್ತಾಗಿ ಕೂಡಿಕೊಳ್ಳುತ್ತದೆ. ಮರಿಗಳು ಒಳಗೆ, ದೊಡ್ಡ ಹೆಣ್ಣಾನೆಗಳು ಸುತ್ತಲೂ, ತಲೆ ಹೊರಗೆ ಮಾಡಿ ನಿಲ್ಲುತ್ತವೆ. ಹುಲಿಯ ಎದುರಿಗೆ ಇದಕ್ಕಿಂತ ಒಳ್ಳೆಯ ಕೋಟೆ ಇಲ್ಲ. ಆದರೆ ತಮಟೆ, ಪಂಜು, ಕೋವಿ ಹಿಡಿದ ಮನುಷ್ಯನ ಎದುರಿಗೆ ಅದೇ ಕೋಟೆ ಬೋನಾಗುತ್ತದೆ. ಕೂಡಿಕೊಂಡು ನಿಂತದ್ದರಿಂದಲೇ ಅಜ್ಜಿ, ತಾಯಿ, ಮಗಳು, ಮೊಮ್ಮಗು ಎಲ್ಲವೂ ಒಟ್ಟಿಗೆ ಸಿಕ್ಕುತ್ತಿದ್ದವು. ತಾಯಿಯನ್ನು ಕಟ್ಟಿದರೆ ಸಾಕು, ಎಳೆಯ ಮರಿಯನ್ನು ಕಟ್ಟಬೇಕಾಗಿರಲಿಲ್ಲ. ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಕೌಟಿಲ್ಯನ ಪಟ್ಟಿಯಲ್ಲಿ ಹಿಡಿಯಬಾರದೆಂದು ಹೇಳಿದವೆಲ್ಲ ಖೆಡ್ಡಾದಲ್ಲಿ ಮೊದಲು ಸಿಕ್ಕುವಂಥವು. 1874ರಲ್ಲಿ ಸ್ಯಾಂಡರ್ಸನನಿಗೆ ಆ ಪಟ್ಟಿ ತಿಳಿದಿರಲು ಸಾಧ್ಯವಿರಲಿಲ್ಲ. ಆದರೆ 1909ರ ಮೇಲೆ ಆ ಗ್ರಂಥ ಮೈಸೂರಿನಲ್ಲಿಯೇ ಅಚ್ಚಾಗಿ, ಜಗತ್ತಿನ ಪಂಡಿತರೆಲ್ಲ ಅದನ್ನು ಕೊಂಡಾಡುತ್ತಿದ್ದಾಗಲೂ ಕಾಕನಕೋಟೆಯ ಖೆಡ್ಡಾ ನಿಲ್ಲಲಿಲ್ಲ. ಪುಸ್ತಕದ ಗೌರವ ಬೇರೆ, ಪುಸ್ತಕದ ಮಾತನ್ನು ನಡೆಸುವುದು ಬೇರೆ.

ಈಗ ಮುಖ್ಯವಾದ ವಾದ. ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕ 1660ರಲ್ಲಿ ಸಿಂಹಳದ ಕ್ಯಾಂಡಿ ರಾಜನ ಸೆರೆಗೆ ಸಿಕ್ಕಿ, ಸುಮಾರು ಹತ್ತೊಂಬತ್ತು ವರ್ಷ ಆ ಸೀಮೆಯಲ್ಲಿ ಕಳೆದು, 1679ರಲ್ಲಿ ತಪ್ಪಿಸಿಕೊಂಡು ಹೋದ. 1681ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಆನೆಗಳ ವಿಷಯವೂ ಬರುತ್ತದೆ. ಹೆಣ್ಣಾನೆಗಳಿಗೆ ತಮ್ಮ ಮರಿಯ ಮೇಲೆ ಎಷ್ಟು ಪ್ರೀತಿಯೋ ಇತರರ ಮರಿಯ ಮೇಲೂ ಅಷ್ಟೇ ಪ್ರೀತಿ ಎಂಬುದು ಅವನ ಅಭಿಪ್ರಾಯ. ಸಿಂಹಳದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಎಮರ್ಸನ್ ಟೆನೆಂಟ್ 1859ರ ತನ್ನ ಗ್ರಂಥದಲ್ಲಿ ನಾಕ್ಸನ ಮಾತನ್ನು ಎತ್ತಿಹಿಡಿದ. ಸ್ಯಾಂಡರ್ಸನ್ ಒಪ್ಪಲಿಲ್ಲ. ನಾಕ್ಸನ ಮಾತು ತಪ್ಪೆಂದು ಅವನು ನೇರವಾಗಿಯೇ ಬರೆದ. ಹಿಂಡಿನಲ್ಲಿ ತಾಯಿ ಮರಿಗಳನ್ನು ಹತ್ತಿರದಿಂದ ನೋಡಿದರೆ, ಇತರ ಹೆಣ್ಣಾನೆಗಳು ಮರಿಗಳಿಗೆ ಸಲಿಗೆ ಕೊಡುವುದೇ ಅಪರೂಪ. ತಾಯಿ ಸತ್ತ ಮರಿಗಳನ್ನು ಖೆಡ್ಡಾದೊಳಗೆ ಬೇರೆ ಹೆಣ್ಣಾನೆಗಳು ಸೇರಿಸದೆ, ಅತ್ತಿಂದಿತ್ತ ನೂಕಿ ಅನಾಥ ಮಾಡಿದ್ದನ್ನು ತಾನು ಎಷ್ಟೋ ಸಲ ಕಂಡಿದ್ದೇನೆ. ಸಾಕಿದ ಒಂದೇ ಒಂದು ಸಾಧು ಆನೆ ಮಾತ್ರ ತನ್ನ ಮರಿಯ ಜೊತೆಗೆ ತಬ್ಬಲಿ ಮರಿಗೂ ಮೊಲೆ ಕೊಟ್ಟದ್ದು ಗೊತ್ತು, ಇದು ಅವನ ವಾದದ ಸಾರಾಂಶ. ಸೆರೆಯಲ್ಲಿದ್ದ ನಾವಿಕನ ಮಾತು ಒಂದು ಕಡೆ. ಸಾವಿರ ಸಲ ಆನೆಗಳ ನಡುವೆ ಓಡಾಡಿದ ನಿಪುಣನ ಮಾತು ಇನ್ನೊಂದು ಕಡೆ. ಯಾರನ್ನು ನಂಬುವುದು?

ಮೂರನೆಯ ಸಾಕ್ಷಿ ಬರ್ಮಾದಿಂದ ಬಂದ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ತೇಗದ ವ್ಯಾಪಾರದ ಕಂಪೆನಿಯ ನೌಕರನಾಗಿ ಅಲ್ಲಿನ ಕಾಡಿಗೆ ಹೋದ ಜೆ. ಎಚ್. ವಿಲಿಯಮ್ಸ್ ಸಾವಿರಾರು ದುಡಿಯುವ ಆನೆಗಳನ್ನು ಬಲ್ಲವನು. ಅವನ ಪುಸ್ತಕ 1950ರಲ್ಲಿ ಹೊರಬಂದಿತು. ದಿನ ತುಂಬಿದ ಹೆಣ್ಣಾನೆ ಇನ್ನೊಂದು ಹೆಣ್ಣಾನೆಯನ್ನು ಜೊತೆ ಮಾಡಿಕೊಳ್ಳುತ್ತದೆ, ಮರಿ ಹುಟ್ಟಿದ ಮೇಲೆ ತಾಯಿ ಒಂದು ಪಕ್ಕ, ಆ ಜೊತೆಗಾತಿ ಇನ್ನೊಂದು ಪಕ್ಕ ನಿಂತು ಹುಲಿಯಿಂದ ಮರಿಯನ್ನು ಕಾಯುತ್ತವೆ ಎಂದು ಅವನು ಹೇಳುತ್ತಾನೆ. ಆ ಜೊತೆಗಾತಿಯನ್ನು ಅವನು ಕರೆದದ್ದು ಚಿಕ್ಕಮ್ಮ ಎಂಬರ್ಥದ ಮಾತಿನಿಂದ. ತಾಯಿಯ ಸಾಹಸಕ್ಕೂ ಅವನ ಪುಸ್ತಕದಲ್ಲಿ ಉದಾಹರಣೆ ಇದೆ. ಮಾ ಶ್ವೆ ಎಂಬ ಆನೆಯೂ ಅದರ ಮೂರು ತಿಂಗಳ ಮರಿಯೂ ತೌಂಗ್ಡ್ವಿನ್ ಹೊಳೆಯ ಪ್ರವಾಹಕ್ಕೆ ಸಿಕ್ಕಿದವು. ಎರಡು ದಡವೂ ಕಡಿದಾದ ಬಂಡೆ. ತಾಯಿ ಮರಿಯನ್ನು ತನ್ನ ಮೈಗೆ ಒತ್ತಿಕೊಂಡು ಸೆಳವಿಗೆ ಅಡ್ಡ ನಿಂತಿತು. ಒಮ್ಮೆ ಕೊಚ್ಚಿಹೋದ ಮರಿಯನ್ನು ಬೆನ್ನಟ್ಟಿ ಹಿಡಿಯಿತು. ಕೊನೆಗೆ ಅದನ್ನು ಸೊಂಡಿಲಿನಲ್ಲಿ ಎತ್ತಿ, ಹಿಂಗಾಲ ಮೇಲೆ ನಿಂತು, ಬಂಡೆಯ ಒಂದು ಕಿರಿಯ ಚಾಚಿನ ಮೇಲಿಟ್ಟು, ತಾನು ಹಿಂದಕ್ಕೆ ಬಿದ್ದು ಪ್ರವಾಹದೊಡನೆ ಹೊರಟುಹೋಯಿತು. ವಿಲಿಯಮ್ಸ್ ಅದು ಸತ್ತಿತೆಂದೇ ಬಗೆದ. ಎಷ್ಟೋ ಹೊತ್ತಿನ ಮೇಲೆ ಆಚೆ ದಡದಿಂದ ಅದರ ಗರ್ಜನೆ ಕೇಳಿಸಿತು. ಚಾಚಿನ ಮೇಲೆ ನಡುಗುತ್ತಿದ್ದ ಮರಿ ಕಿವಿ ನಿಮಿರಿಸಿತು. ಮರುದಿನ ಬೆಳಗಾಗುವಷ್ಟರಲ್ಲಿ ನೀರು ಇಳಿದು ತಾಯಿ ಮಗು ಕೂಡಿಕೊಂಡಿದ್ದವು.

ಇಂಥ ಕಥೆಗಳಿಂದ ಮನಸ್ಸು ಕರಗುತ್ತದೆ, ವಾದ ತೀರುವುದಿಲ್ಲ. ವಾದವನ್ನು ತೀರಿಸಲು ಸೆರೆಯಲ್ಲಿಲ್ಲದ ಆನೆಗಳನ್ನು, ಒಂದೊಂದನ್ನೂ ಗುರುತು ಹಿಡಿದು, ವರ್ಷಗಟ್ಟಲೆ ನೋಡಬೇಕಾಗಿತ್ತು. ಆ ಕೆಲಸ 1972ರಿಂದ ಆಫ್ರಿಕದ ಕೆನ್ಯಾ ದೇಶದ ಅಂಬೋಸೆಲಿಯಲ್ಲಿ ಸಿಂಥಿಯಾ ಮಾಸ್ ಅವರ ನೇತೃತ್ವದಲ್ಲಿ ನಡೆಯಿತು. ಅಲ್ಲಿಯೇ ಕೆಲಸ ಮಾಡಿದ ಫಿಲಿಸ್ ಲೀ ಅವರು 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಿಂಡಿನ ಎಳೆಯ ಹೆಣ್ಣಾನೆಗಳು ಮರಿಗಳನ್ನು ನೋಡಿಕೊಳ್ಳುವ ಬಗೆಯನ್ನು ವಿವರಿಸಿದರು. ಮರಿ ಕೂಗಿದರೆ ತಾಯಿಗಿಂತ ಮೊದಲು ಓಡಿಬರುವುದು ಅನೇಕ ವೇಳೆ ಈ ಅಕ್ಕಂದಿರು. ಮರಿ ಮಲಗಿದರೆ ಬಳಿಯಲ್ಲಿ ನಿಲ್ಲುವುದೂ ಅವೇ. ಆದರೆ ಹಾಲು ಮಾತ್ರ ಬಹುಮಟ್ಟಿಗೆ ತಾಯಿಯದೇ. ಏಷ್ಯದ ಆನೆಗಳಲ್ಲಿ ಇನ್ನೊಂದು ಆಶ್ಚರ್ಯ ಬೆಳಕಿಗೆ ಬಂದಿತು. 1984ರಲ್ಲಿ ಕೇಟಿ ಪೇನ್ ಎಂಬ ವಿದುಷಿ ಅಮೆರಿಕದ ಪೋರ್ಟ್‌ಲೆಂಡಿನ ಮೃಗಾಲಯದಲ್ಲಿ ಆನೆಗಳ ಬಳಿ ಕುಳಿತಿದ್ದಾಗ ಗಾಳಿಯಲ್ಲಿ ಏನೋ ಮಿಡಿತದ ಅನುಭವವಾಗಿ, ಧ್ವನಿಮುದ್ರಣ ಮಾಡಿ ನೋಡಿದರೆ, ಮನುಷ್ಯರ ಕಿವಿಗೆ ಕೇಳಿಸದಷ್ಟು ತಗ್ಗಿನ ಸ್ವರದಲ್ಲಿ ಅವು ಮಾತನಾಡುತ್ತಿದ್ದವು. ಮರದ ಮರೆಯಲ್ಲಿರುವ ಹಿಂಡು ಒಮ್ಮೆಗೇ ನಿಂತು, ಒಮ್ಮೆಗೇ ತಿರುಗುವುದರ ಗುಟ್ಟು ಸ್ವಲ್ಪಮಟ್ಟಿಗೆ ಇದರಿಂದ ತಿಳಿಯಿತು.

ನಮ್ಮಲ್ಲಿಯೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದ ಆದಿಯಲ್ಲಿ ಅಧ್ಯಯನ ಮಾಡಿದ್ದು ಸ್ಯಾಂಡರ್ಸನ್ ಓಡಾಡಿದ ಚಾಮರಾಜನಗರದ ಸೀಮೆಯಲ್ಲಿಯೇ. ಮುಂದೆ ಟಿ. ಎನ್. ಸಿ. ವಿದ್ಯಾ ಮತ್ತು ಸುಕುಮಾರ್ ಅವರು ಲದ್ದಿಯಿಂದ ವಂಶವಾಹಿಗಳನ್ನು ಬೇರ್ಪಡಿಸಿ ಪರೀಕ್ಷಿಸಿ, ದಕ್ಷಿಣ ಭಾರತದ ಹಿಂಡಿನ ಹೆಣ್ಣಾನೆಗಳು ಒಂದಕ್ಕೊಂದು ರಕ್ತಸಂಬಂಧಿಗಳೆಂದು 2005ರಲ್ಲಿ ತೋರಿಸಿದರು. 2009ರಿಂದ ವಿದ್ಯಾ ಅವರ ತಂಡ ಕಬಿನಿಯ ಆನೆಗಳನ್ನು ಒಂದೊಂದಾಗಿ ಗುರುತಿಸಿ ಅಧ್ಯಯನ ನಡೆಸಿದೆ. ಗಂಡುಗಳು ಪ್ರಾಯಕ್ಕೆ ಬಂದಾಗ ಹಿಂಡು ಬಿಟ್ಟುಹೋಗುತ್ತವೆ. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲಿಯೇ ಉಳಿಯುತ್ತವೆ. ಅಂದರೆ, ಹೆಣ್ಣಾನೆ ತವರನ್ನು ಬಿಟ್ಟುಹೋಗುವುದೇ ಇಲ್ಲ. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುತ್ತಾರೆ. ಹೆಣ್ಣಾನೆಗೆ ಪ್ರತಿ ಬಾಣಂತನವೂ ತವರಿನಲ್ಲಿಯೇ.

ಇದು ಬರೀ ಉಪಮೆಯಲ್ಲ. ಮಯನ್ಮಾರ್ ಎಂದು ಈಗ ಕರೆಯುವ ಬರ್ಮಾದ ತೇಗದ ಕಾಡಿನ ಆನೆಗಳಿಗೆ ತಲೆಮಾರುಗಳ ಜನನ ಮರಣದ ದಾಖಲೆ ಇದೆ. ಲಾಹ್ಡೆನ್‌ಪೆರಾ, ಕಿನೆ ಉ ಮಾರ್ ಮತ್ತು ಲುಮ್ಮಾ ಎಂಬ ವಿಜ್ಞಾನಿಗಳು ಆ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಒಂದು ಲೇಖನ ಪ್ರಕಟಿಸಿದರು. ಇಪ್ಪತ್ತು ವರ್ಷ ತುಂಬದ ಎಳೆಯ ತಾಯಿಗೆ ಹುಟ್ಟಿದ ಮರಿಯ ಅಜ್ಜಿ ಅದೇ ಊರಿನಲ್ಲಿದ್ದರೆ, ಆ ಮರಿ ಸಾಯುವ ಅಪಾಯ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ ಎಂದು ಅವರ ಲೆಕ್ಕ. ಅನುಭವಸ್ಥ ತಾಯಂದಿರ ಮರಿಗಳಿಗೆ ಇಷ್ಟು ವ್ಯತ್ಯಾಸವಿಲ್ಲ. ಚೊಚ್ಚಲ ಬಾಣಂತಿಗೆ ಅಮ್ಮ ಹತ್ತಿರವಿರಬೇಕೆಂದು ನಮ್ಮ ಮನೆಗಳಲ್ಲಿ ಹೇಳುವ ಮಾತನ್ನು ಅಂಕಿಗಳಲ್ಲಿ ಬರೆದರೆ ಹೀಗಾಗುತ್ತದೆ.

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ಹಿಂಡುಗಳು ಅಲ್ಲಿ ಸೇರುತ್ತವೆ. ನಾನು ಅಲ್ಲಿ ಒಂದು ಸಂಜೆ ಕಂಡ ಹಿಂಡಿನಲ್ಲಿ ಕೆಲವೇ ವಾರಗಳ ಮರಿಯೊಂದಿತ್ತು. ಮೈಮೇಲೆ ಇನ್ನೂ ಕೆಂಗೂದಲು. ಅದು ಕೆಸರಿನಲ್ಲಿ ಜಾರಿ ಬಿದ್ದು ಕೀರಲು ದನಿ ಮಾಡಿದ್ದೇ ತಡ, ಮೂರು ಸೊಂಡಿಲುಗಳು ಒಟ್ಟಿಗೆ ಬಂದವು. ಯಾವುದು ತಾಯಿ ಎಂದು ನನಗೆ ತಿಳಿಯಲಿಲ್ಲ. ಮರಿ ಎದ್ದು, ಒಂದರ ಹೊಟ್ಟೆಯ ಕೆಳಗೆ ನುಗ್ಗಿ ಮೊಲೆಗೆ ಬಾಯಿ ಹಚ್ಚಿದಾಗ ತಿಳಿಯಿತು. ಉಳಿದೆರಡು ಅದನ್ನು ಒಮ್ಮೆ ಮುಟ್ಟಿ ನೋಡಿ ತಮ್ಮ ಮೇವಿಗೆ ತಿರುಗಿದವು.

ಹಾಗಾದರೆ ಸ್ಯಾಂಡರ್ಸನ್ ಸುಳ್ಳು ಹೇಳಿದನೇ? ಹಾಗೆ ಹೇಳುವುದು ಅನ್ಯಾಯ. ಅವನು ಕಣ್ಣಾರೆ ಕಂಡದ್ದನ್ನೇ ಬರೆದ. ಹಾಲಿನ ವಿಷಯದಲ್ಲಿ ಅವನ ಮಾತಿಗೆ ಇಂದಿಗೂ ಬೆಲೆ ಇದೆ. ಆದರೆ ಎಲ್ಲಿ ನಿಂತು ಕಂಡ ಎಂಬುದೂ ಮುಖ್ಯ. ಖೆಡ್ಡಾದೊಳಗೆ ಸಿಕ್ಕುವ ಐವತ್ತು ಆನೆಗಳು ಒಂದೇ ಮನೆಯವೆಂದು ಹೇಳುವಂತಿಲ್ಲ. ಸಹಜವಾದ ಹಿಂಡು ಅದಕ್ಕಿಂತ ಬಹಳ ಚಿಕ್ಕದು. ಹಲವು ಮನೆಗಳ ಆನೆಗಳು ಒಂದೇ ಬೇಲಿಯೊಳಗೆ ತುಂಬಿಕೊಂಡಿವೆ. ಹೊರಗೆ ಬೆಂಕಿ, ಒಳಗೆ ನೀರಿಲ್ಲ, ಮೇವಿಲ್ಲ. ಹಿರಿಯ ಆನೆಯ ಕಾಲಿಗೆ ಹಗ್ಗ ಬಿದ್ದಿದೆ. ಆ ಗಳಿಗೆಯಲ್ಲಿ ಇನ್ನೊಂದು ಮನೆಯ ತಬ್ಬಲಿ ಮರಿ ಬಂದು ಮೊಲೆಗೆ ಬಾಯಿ ಹಾಕಿದರೆ ಯಾವ ತಾಯಿ ಒಪ್ಪೀತು? ಉರಿಯುವ ಊರಿನಲ್ಲಿ ನಿಂತುಕೊಂಡು ಇಲ್ಲಿಯ ಜನ ಅತಿಥಿಗಳಿಗೆ ಊಟ ಹಾಕುವುದಿಲ್ಲ ಎಂದು ಬರೆದಂತಾಯಿತು. ಹಿಂಡನ್ನು ಮುರಿದ ಕೈಯೇ ಹಿಂಡಿನ ಗುಣವನ್ನು ಅಳೆಯಿತು. ಸ್ಯಾಂಡರ್ಸನನೇ ಕಾಡಿನಲ್ಲಿ, ಯಾರೂ ಅಟ್ಟದ ಹಿಂಡನ್ನು ಕುರಿತು ಬರೆದಾಗ ಅವನ ಲೇಖನಿಯಿಂದ ಬಂದದ್ದು ಆ ಎರಡು ದಿನದ ಮಾತು. ಹೊಳೆ ದಾಟುವಾಗ ತಾಯಿ ಎಳೆಯ ಮರಿಯನ್ನು ಸೊಂಡಿಲಿನಿಂದ ಮುಂದೆ ಆನಿಸಿಕೊಂಡು ಈಜುತ್ತದೆಂಬ ಮಾತು. ಹಿಂಡನ್ನು ನಡೆಸುವುದು ಯಾವಾಗಲೂ ಹೆಣ್ಣಾನೆ ಎಂಬ ಮಾತು. ಇವು ಮೂರೂ ಕಾಲದ ಪರೀಕ್ಷೆಯಲ್ಲಿ ನಿಂತಿವೆ. ನಾಕ್ಸ್ ಹೇಳಿದಂತೆ ಎಲ್ಲ ಹೆಣ್ಣಾನೆಗಳಿಗೂ ಎಲ್ಲ ಮರಿಗಳೂ ಸಮಾನವಲ್ಲ. ಆದರೆ ಒಂದು ಮನೆಯೊಳಗೆ ಮರಿ ಎಲ್ಲರದು, ಹಾಲು ಮಾತ್ರ ತಾಯಿಯದು.

ಮೈಸೂರಿನ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. 1977ರಲ್ಲಿ ಆನೆಯನ್ನು ಅದರ ಮೊದಲನೆಯ ಅನುಸೂಚಿಗೆ ಸೇರಿಸಿದರು. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಎದ್ದು ಕಾಕನಕೋಟೆಯ ಕಾಡಿನ ಒಂದು ಭಾಗ ನೀರಿನಡಿ ಸೇರಿತ್ತು. ಹಿಂಡನ್ನು ಹಿಂಡಾಗಿ ಹಿಡಿಯುವ ಕಾಲ ಮುಗಿಯಿತು. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ 6,395 ಎಂದು ಅಂದಾಜಾಯಿತು. ದೇಶದಲ್ಲಿ ಆನೆಗಳು ಅತ್ಯಂತ ಹೆಚ್ಚಾಗಿರುವ ರಾಜ್ಯ ನಮ್ಮದು.

ಆದರೆ ಹಿಂಡು ಮುರಿಯುವುದಕ್ಕೆ ಖೆಡ್ಡಾವೇ ಬೇಕೆಂದಿಲ್ಲ. ಕೊಡಗು, ಹಾಸನದ ಕಾಫಿ ತೋಟಗಳ ನಡುವೆ ಆನೆಗಳು ಮರಿ ಹಾಕುತ್ತವೆ. ಅಲ್ಲಿ ಹಿಂಡು ಎರಡು ದಿನ ನಿಂತರೆ ತೋಟದವನಿಗೆ ನಷ್ಟ, ಕೂಲಿಯವರಿಗೆ ಪ್ರಾಣಭಯ. ಇದನ್ನು ಅಲ್ಲಗಳೆಯುವಂತಿಲ್ಲ, ಆ ನಷ್ಟವನ್ನು ತುಂಬಿಕೊಡುವುದು ನಮ್ಮೆಲ್ಲರ ಹೊಣೆ. ಆದರೆ ಪಟಾಕಿ ಸಿಡಿಸಿ, ಜೀಪಿನಲ್ಲಿ ಅಟ್ಟಿ, ಫೋಟೊ ತೆಗೆಯುವ ಜನ ಸುತ್ತುಗಟ್ಟಿದರೆ ಅದೂ ಒಂದು ಖೆಡ್ಡಾವೇ ಆಗುತ್ತದೆ. ಗಾಬರಿಯಲ್ಲಿ ಹಿಂಡು ಹೊರಡುತ್ತದೆ, ಕಾಲು ಗಟ್ಟಿಯಾಗದ ಮರಿ ಹಿಂದೆ ಉಳಿಯುತ್ತದೆ. ಆಮೇಲೆ ಅದನ್ನು ಶಿಬಿರಕ್ಕೆ ತಂದು ಸೀಸೆಯ ಹಾಲು ಕುಡಿಸುವ ಮಾವುತನ ಶ್ರದ್ಧೆ ಎಷ್ಟೇ ದೊಡ್ಡದಾದರೂ, ಅಜ್ಜಿ, ಅಕ್ಕ, ಚಿಕ್ಕಮ್ಮ ಇವರೆಲ್ಲರ ಕೆಲಸವನ್ನು ಅವನೊಬ್ಬನೇ ಮಾಡಲಾರ. ವಿದ್ಯುತ್ ಬೇಲಿಗೆ ಸಿಕ್ಕಿ ಒಂದು ಮುದಿ ಹೆಣ್ಣಾನೆ ಸತ್ತರೆ ನಾವು ಒಂದು ಆನೆ ಸತ್ತಿತೆಂದು ಲೆಕ್ಕ ಬರೆಯುತ್ತೇವೆ. ಬರ್ಮಾದ ದಾಖಲೆಗಳನ್ನು ಓದಿದ ಮೇಲೆ ಆ ಲೆಕ್ಕ ನನಗೆ ಸರಿಯೆನಿಸುವುದಿಲ್ಲ. ಅದರ ಮಗಳ ಚೊಚ್ಚಲ ಮರಿಯನ್ನೂ ಅದರೊಡನೆ ಎಣಿಸಬೇಕಾದೀತು.

ಹಾಲೂಡುವ ತಾಯಿಯನ್ನೂ ಮರಿಯನ್ನೂ ಮುಟ್ಟಬೇಡಿ ಎಂದು ಎರಡು ಸಾವಿರ ವರ್ಷಗಳ ಹಿಂದೆ ಬರೆದವನು ಆನೆಯನ್ನು ಪ್ರೀತಿಸಿ ಬರೆದನೋ, ರಾಜನ ಬೊಕ್ಕಸವನ್ನು ನೆನೆದು ಬರೆದನೋ ಎಂಬ ಚರ್ಚೆ ಪಂಡಿತರಿಗಿರಲಿ. ಆ ನಿಯಮವನ್ನು ಪಾಲಿಸಲು ನಾವು ಇಂದು ಮಾಡಬೇಕಾದದ್ದು ಬಹಳವಲ್ಲ. ಮರಿ ಹುಟ್ಟಿದ ಜಾಗದಿಂದ ದೂರ ಸರಿದು ಎರಡು ದಿನ ಸುಮ್ಮನಿರಬೇಕು. ಹಿಂಡು ತಾನಾಗಿಯೇ ಮುಂದಕ್ಕೆ ಹೋಗುತ್ತದೆ.